ಹಲ್ಲು ಕೀಳಿಸಿದ ಮೇಲೆ ನೋವಿಗೆ ಯಾವುದು: ಐಸೋ, ಜೆಲ್ಲೋ, ಲವಂಗದ ಎಣ್ಣೆಯೋ?

ಹಲ್ಲು ಕೀಳಿಸಿಕೊಂಡು ಮನೆಗೆ ಬಂದವರಿಗೆ ಮೊದಲ ಒಂದೆರಡು ಗಂಟೆ ಅಂಥ ನೋವೇನೂ ಗೊತ್ತಾಗುವುದಿಲ್ಲ. ಕೆಳದವಡೆಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ ತುಟಿ, ಕೆನ್ನೆಯಲ್ಲಿ ಮೂರರಿಂದ ಐದು ಗಂಟೆ ನಿಲ್ಲುತ್ತದೆ. ಆಳದಲ್ಲಿ ಅದಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ ತುಟಿ ಇನ್ನೂ ದಪ್ಪಗಿರುವಾಗಲೇ ಹಲ್ಲಿದ್ದ ಗುಳಿಯೊಳಗೆ ಮಿಡಿತ ಶುರುವಾಗಬಹುದು. ಆಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಲವಂಗದ ಎಣ್ಣೆ ಅದ್ದಿದ ಹತ್ತಿ ಇಡು, ಕೆನ್ನೆಗೆ ಅಮೃತಾಂಜನ ಹಚ್ಚು, ಮೆಡಿಕಲ್‌ನಿಂದ ಜೆಲ್ ತಂದು ಸವರು, ಬಿಸಿ ಉಪ್ಪುನೀರು ಮುಕ್ಕಳಿಸು. ಇವುಗಳಲ್ಲಿ ಒಂದೆರಡು ನಿಜಕ್ಕೂ ಉಪಯುಕ್ತ, ಆದರೆ ಅವತ್ತೇ ಅಲ್ಲ. ಇನ್ನು ಕೆಲವು ಹುಳುಕು ಹಲ್ಲಿಗೆ ಸರಿ, ಕಿತ್ತ ಹಲ್ಲಿನ ಜಾಗಕ್ಕೆ ಅಲ್ಲ.

ಆರಿಸುವ ಮೊದಲು ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು, ನೋವು ಎಲ್ಲಿದೆ ಎಂಬುದು. ಹಲ್ಲಿನ ಬೇರು ಕೂತಿದ್ದದ್ದು ದವಡೆಯ ಮೂಳೆಯಲ್ಲಿ. ಕಿತ್ತಾಗ ಪೆಟ್ಟಾಗುವುದು ಆ ಮೂಳೆಗೆ ಮತ್ತು ಬೇರನ್ನು ಅದಕ್ಕೆ ಹಿಡಿದಿಟ್ಟಿದ್ದ ನಾರುಗಳಿಗೆ. ಒಸಡಿನ ಮೇಲೆ ಹಚ್ಚಿದ ಯಾವುದೇ ಮರಗಟ್ಟಿಸುವ ಔಷಧಿ ಇಳಿಯುವುದು ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ಮೂಳೆಯ ಮಿಡಿತಕ್ಕೆ ಅದು ಮುಟ್ಟುವುದೇ ಇಲ್ಲ. ಎರಡನೆಯದು, ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು. ಕಪ್ಪುಗೆಂಪು ಜೆಲ್ಲಿಯಂತೆ ಕಾಣುವ ಆ ಹೆಪ್ಪೇ ಮೂಳೆಯ ಮೇಲಿನ ಮುಚ್ಚಳ, ಹೊಸ ಒಸಡು ಬೆಳೆಯುವುದಕ್ಕೂ ಅದೇ ಆಧಾರ. ಮೊದಲ 24 ಗಂಟೆ ಅದು ತೀರಾ ಸಡಿಲ. ಯಾವ ಉಪಾಯವೇ ಆಗಲಿ, ಅದು ಹೆಪ್ಪನ್ನು ಏನು ಮಾಡುತ್ತದೆ ಎಂದು ಮೊದಲು ಕೇಳಿಕೊಳ್ಳಿ. ನೋವಿಗೆ ಏನು ಮಾಡುತ್ತದೆ ಎಂಬುದು ಆಮೇಲಿನ ಮಾತು.

ಮಾತ್ರೆಯ ವಿಷಯ

ಹಚ್ಚುವ ಔಷಧಿಗಳ ಹೋಲಿಕೆಯಲ್ಲಿ ಮಾತ್ರೆಯ ಮಾತೇಕೆ ಎನ್ನಬೇಡಿ. ಮೂಳೆಯ ನೋವಿಗೆ ಕೆಲಸ ಮಾಡುವುದು ಮಾತ್ರೆಯೇ. ಹಚ್ಚುವುದೆಲ್ಲ ಅದಕ್ಕೆ ಜೊತೆಗಾರ, ಬದಲಿ ಅಲ್ಲ. ದೊಡ್ಡವರಿಗೆ ಐಬುಪ್ರೊಫೆನ್ 400 ಮಿ.ಗ್ರಾಂ ಮತ್ತು ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಒಟ್ಟಿಗೆ ತೆಗೆದುಕೊಂಡರೆ ಒಂದೊಂದನ್ನೇ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಪರಿಣಾಮ. ಏನಾದರೂ ಮೆತ್ತಗಿನದು ಹೊಟ್ಟೆಗೆ ಹೋದ ಮೇಲೆ, ಮರಗಟ್ಟಿದ್ದು ಪೂರ್ತಿ ಬಿಡುವ ಮೊದಲೇ ನುಂಗಬೇಕು. ನೋವು ತಾರಕಕ್ಕೇರಿದ ಮೇಲೆ ನುಂಗಿ, ಮಾತ್ರೆ ಕೆಲಸ ಮಾಡಲಿಲ್ಲ ಎಂದು ಜೆಲ್ ಹುಡುಕುವವರೇ ಹೆಚ್ಚು.

ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ಪಿರಿನ್‌ಗೆ ಉಬ್ಬಸ ಬರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಐದನೇ ತಿಂಗಳಿನಿಂದಾಚೆಗಿನ ಗರ್ಭಿಣಿಯರು ಐಬುಪ್ರೊಫೆನ್ ಬಿಟ್ಟು ಪ್ಯಾರಾಸಿಟಮಾಲ್ ಒಂದಕ್ಕೇ ನಿಲ್ಲಬೇಕು. ಡಾಕ್ಟರು ಬರೆದ ಮಾತ್ರೆಯ ಹಾಳೆಯ ಹಿಂಬದಿ ಓದಿ. ಎರಡೂ ಸೇರಿಸಿದ ಮಾತ್ರೆಗಳು ಬಹಳ ಬಳಕೆಯಲ್ಲಿವೆ. ಅದರ ಮೇಲೆ ಮನೆಯಲ್ಲಿದ್ದ ಡೋಲೋ 650 ನುಂಗಿದರೆ ಪ್ಯಾರಾಸಿಟಮಾಲ್ ಎರಡು ಸಲ ಬಿದ್ದಂತಾಯಿತು.

ಮೊದಲ ದಿನ: ಹೊರಗಿನಿಂದ ಐಸ್, ಒಳಗೆ ಏನೂ ಬೇಡ

ಮೊದಲ 24 ಗಂಟೆಗೆ ನಮ್ಮ ಆಯ್ಕೆ ಐಸ್. ಕಾರಣ ಸರಳ, ಬಾಯೊಳಗೆ ಹೋಗದೆ ಕೆಲಸ ಮಾಡುವ ಉಪಾಯ ಇದೊಂದೇ. ತಣ್ಣಗಾದ ಜಾಗದಲ್ಲಿ ರಕ್ತನಾಳ ಕುಗ್ಗುತ್ತದೆ, ನೋವಿನ ಸುದ್ದಿ ಒಯ್ಯುವ ನರ ನಿಧಾನವಾಗುತ್ತದೆ. ಊತವನ್ನು ಎಷ್ಟು ಇಳಿಸುತ್ತದೆ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಆದರೆ ಕೆನ್ನೆಗೆ ಹಾಯೆನಿಸುವುದಂತೂ ಖಂಡಿತ.

ಫ್ರಿಜ್ಜಿನ ಟ್ರೇಯಿಂದ ನಾಲ್ಕೈದು ಐಸ್ ತುಂಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದೆರಡು ಚಮಚ ನೀರು ಸೇರಿಸಿ ಗಂಟು ಹಾಕಿ. ನೀರಿದ್ದರೆ ಕೆನ್ನೆಯ ಆಕಾರಕ್ಕೆ ಬಾಗುತ್ತದೆ. ತೆಳು ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ ಇದ್ದರೆ ಇನ್ನೂ ಅನುಕೂಲ. ಇಲ್ಲಿ ಆಗುವ ತಪ್ಪು ಒಂದೇ: ಕೆನ್ನೆ ಮರಗಟ್ಟಿರುವಾಗ ಐಸ್ ಕೊರೆಯುವುದು ಗೊತ್ತಾಗುವುದಿಲ್ಲ. ಬಟ್ಟೆಯಿಲ್ಲದೆ ಅರ್ಧ ಗಂಟೆ ಒತ್ತಿ ಹಿಡಿದರೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಆದ್ದರಿಂದ ಗಡಿಯಾರ ನೋಡಿಕೊಂಡೇ ಇಡಿ.

ಊತ ಎರಡು ಮೂರನೆಯ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ. ಮೊದಲ ದಿನ ಬಿಸಿ ಶಾಖ ಕೊಟ್ಟರೆ ರಕ್ತ ಮತ್ತೆ ಜಿನುಗಬಹುದು, ಊತವೂ ಏರಬಹುದು. ಅಮೃತಾಂಜನದಂಥ ಮುಲಾಮನ್ನು ಕೆನ್ನೆಗೆ ತಿಕ್ಕುವುದೂ ಅದೇ ಸಾಲಿಗೆ ಸೇರಿದ್ದು. ಚರ್ಮಕ್ಕೆ ಚುರುಚುರು ಎನಿಸಿ ಗಮನ ಅತ್ತ ಸೆಳೆಯುತ್ತದೆಯೇ ಹೊರತು ಗುಳಿಗೆ ಅದರಿಂದ ಏನೂ ಇಲ್ಲ, ತಿಕ್ಕುವ ಒತ್ತಡ ಮಾತ್ರ ಕೆಡುಕು. ಎರಡು ದಿನ ಕಳೆದ ಮೇಲೆ ಬಾಯಿ ತೆರೆಯಲು ಬಿಗಿಯೆನಿಸಿದರೆ ಆಗ ಬೆಚ್ಚಗಿನ ಬಟ್ಟೆಯ ಶಾಖ ಒಳ್ಳೆಯದು.

ಒಳಗಿನ ತಂಪಿಗೆ ಐಸ್‌ಕ್ರೀಮ್ ತಿನ್ನಬಹುದು, ಗೋಡಂಬಿ ಚೂರು ಇಲ್ಲದ್ದು, ಕಪ್ಪಿನಲ್ಲಿ, ಚಮಚದಿಂದ. ಆರಿದ ರಾಗಿ ಅಂಬಲಿ, ಒಗ್ಗರಣೆ ಹಾಕದ ಮೊಸರನ್ನ ಕೂಡ ಸಲೀಸು. ಒಗ್ಗರಣೆಯ ಸಾಸಿವೆ ಗುಳಿಯೊಳಗೆ ಕೂತರೆ ತೆಗೆಯುವುದು ಕಷ್ಟ. ಎಳನೀರು ಕುಡಿಯಿರಿ, ಸ್ಟ್ರಾ ಮಾತ್ರ ಬೇಡ. ಹೀರುವ ಎಳೆತಕ್ಕೆ ಹೆಪ್ಪೇ ಮೇಲೆದ್ದು ಬರುತ್ತದೆ.

ಮರಗಟ್ಟಿಸುವ ಜೆಲ್: ಯಾರಿಗೆ, ಎಲ್ಲಿಗೆ

ಮೆಡಿಕಲ್‌ಗೆ ಹೋಗಿ ‘ಹಲ್ಲುನೋವಿನ ಜೆಲ್ ಕೊಡಿ’ ಎಂದರೆ ಕೈಗೆ ಬರುವ ಟ್ಯೂಬ್ ನಾಲ್ಕು ಬಗೆಯದಿರಬಹುದು. ಎಲ್ಲವೂ ನೋಡಲು ಒಂದೇ ಥರ, ಕೆಲಸ ಬೇರೆ ಬೇರೆ. ದಪ್ಪಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ.

ಬೆಂಜೊಕೇನ್ 20% ಎಂದಿದ್ದರೆ ಅದು ಬೇಗ ಹಿಡಿಯುವ ಜಾತಿ. ಅರ್ಧದಿಂದ ಎರಡು ನಿಮಿಷದಲ್ಲಿ ಮರಗಟ್ಟುತ್ತದೆ, ಕಾಲು ಗಂಟೆಯೊಳಗೆ ಬಿಟ್ಟುಹೋಗುತ್ತದೆ. ಲಿಗ್ನೊಕೇನ್ 2% ಹಿಡಿಯಲು ಎರಡರಿಂದ ಐದು ನಿಮಿಷ ಬೇಕು, ಆದರೆ 15ರಿಂದ 30 ನಿಮಿಷ ನಿಲ್ಲುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾವು ಹೇಳುವುದು ಲಿಗ್ನೊಕೇನ್. ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದೊಂದೇ ಕಾರಣವಲ್ಲ. ಬೆಂಜೊಕೇನ್‌ಗೆ ಅಪರೂಪದ, ಆದರೆ ಅಪಾಯದ ಒಂದು ಗುಣವಿದೆ: ಕೆಲವರಲ್ಲಿ ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಬಿಟ್ಟುಕೊಡಲಾರದ ರೂಪಕ್ಕೆ ತಿರುಗಿಸುತ್ತದೆ. ಹಚ್ಚಿದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ತುಟಿ, ಉಗುರು ಬೂದುನೀಲಿಯಾಗುತ್ತವೆ, ಏದುಸಿರು, ತಲೆಸುತ್ತು ಬರುತ್ತದೆ. ಇದು ಮನೆಯಲ್ಲಿ ಕಾಯುವ ಲಕ್ಷಣವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಕಾರಣಕ್ಕೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬಾಯಿಗೆ ಬೆಂಜೊಕೇನ್ ಹಚ್ಚಲೇಬಾರದು ಎಂದಿತು. ಲಿಗ್ನೊಕೇನ್ ಕೊಳ್ಳುವಾಗ ಬಾಯಿಗೆ ಹಚ್ಚುವಂಥದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಮೂತ್ರನಾಳಕ್ಕೆ ಕೊಳವೆ ಹಾಕುವಾಗ ಬಳಸುವ ಜೆಲ್ಲಿಯೂ ಲಿಗ್ನೊಕೇನ್ 2% ಎಂದೇ ಇರುತ್ತದೆ.

ಮೂರನೆಯದು ಕೋಲಿನ್ ಸ್ಯಾಲಿಸಿಲೇಟ್ ಇರುವ, ಬಾಯಿಹುಣ್ಣಿಗೆ ಹಚ್ಚುವ ಜೆಲ್. ಇದು ಮರಗಟ್ಟಿಸುವುದಿಲ್ಲ, ಉರಿಯೂತ ತಗ್ಗಿಸುತ್ತದೆ. ಆಸ್ಪಿರಿನ್‌ನ ನೆಂಟ. ಆದ್ದರಿಂದ ಆಸ್ಪಿರಿನ್ ಆಗದವರಿಗೆ ಇದೂ ಬೇಡ, ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರು ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಬ್ರಿಟನ್ನಿನಲ್ಲಿ 2009ರಿಂದ 16 ವರ್ಷದೊಳಗಿನವರಿಗೆ ಇಂಥ ಜೆಲ್ ಬೇಡವೆಂದಿದ್ದಾರೆ, ಇಲ್ಲಿಯೂ ಅದನ್ನೇ ಪಾಲಿಸುವುದು ಲೇಸು. ನಾಲ್ಕನೆಯದು ಮೆಟ್ರೊನಿಡಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಸೇರಿದ ಒಸಡಿನ ಜೆಲ್. ನಮ್ಮ ಕಡೆ ಅತಿ ಹೆಚ್ಚು ಕೊಡುವುದು ಇದನ್ನೇ. ಇದು ಕ್ರಿಮಿಗೆ, ನೋವಿಗೆ ಅಲ್ಲ. ದಿನಕ್ಕೆ ಹತ್ತು ಸಲ ಹಚ್ಚಿದರೂ ನೋವು ಹೋಗುವುದಿಲ್ಲ.

ಹಾಗಾದರೆ ಮರಗಟ್ಟಿಸುವ ಜೆಲ್ ಯಾತಕ್ಕೆ? ಮೇಲ್ಮೈಯ ನೋವಿಗೆ. ಹೊಲಿಗೆ ದಾರದ ತುದಿ ನಾಲಿಗೆಗೆ ಚುಚ್ಚಿ ಆದ ಗಾಯ, ಮರಗಟ್ಟಿದ್ದಾಗ ಗೊತ್ತಿಲ್ಲದೆ ಕಚ್ಚಿಕೊಂಡ ಕೆನ್ನೆ, ಸೂಜಿ ಚುಚ್ಚಿದ ಜಾಗದ ಉರಿ, ಗುಳಿಯ ಅಂಚಿನಲ್ಲಿ ತರಚಿದ ಒಸಡು. ಇಂಥ ಕಡೆ ಅದು ಮಲಗುವ ಮುಂಚೆ ಒಂದಿಷ್ಟು ನೆಮ್ಮದಿ ಕೊಡುತ್ತದೆ.

ಹಚ್ಚುವ ಕ್ರಮ ಹೀಗೆ. 24 ಗಂಟೆ ಕಳೆದಿರಲಿ. ಕೈ ಸೋಪಿನಲ್ಲಿ ತೊಳೆದು, ಕನ್ನಡಿ ಮುಂದೆ ಬೆಳಕಿನಲ್ಲಿ ನಿಂತು, ಆ ಜಾಗವನ್ನು ಗಾಜ್ (ಗಾಯಕ್ಕೆ ಬಳಸುವ ಜಾಳು ಬಟ್ಟೆ) ತುಂಡಿನಿಂದ ಮೆಲ್ಲಗೆ ಒತ್ತಿ ಒಣಗಿಸಿ. ಒರೆಸಬೇಡಿ, ಒತ್ತಿ ತೆಗೆಯಿರಿ. ಒಣಗಿಸದಿದ್ದರೆ ಜೆಲ್ ಎಂಜಲಿನ ಜೊತೆ ಜಾರಿ ಗಂಟಲಿಗೆ ಹೋಗುತ್ತದೆ. ಜೆಲ್ ಸಾಕಷ್ಟು ಹಿಡಿಯಲಿಲ್ಲ ಎನ್ನುವವರಲ್ಲಿ ಬಹುಪಾಲು ಬಿಡುವ ಹೆಜ್ಜೆ ಇದೇ. ಇಯರ್‌ಬಡ್ ತುದಿಗೆ ಕಡಲೆಕಾಳಿನಷ್ಟು ಜೆಲ್ ತೆಗೆದುಕೊಂಡು ಗಾಯಕ್ಕೆ ಸವರಿ, ಗುಳಿಯ ಒಳಕ್ಕೆ ತುಂಬಬೇಡಿ. ಒಂದು ನಿಮಿಷ ಬಾಯಿ ಅರ್ಧ ತೆರೆದು ತಲೆ ಮುಂದಕ್ಕೆ ಬಾಗಿಸಿ, ಜೊಲ್ಲು ಸಿಂಕಿಗೆ ತಾನಾಗಿ ಇಳಿಯಲಿ. ಆಮೇಲೆ ಗಂಟಲು ಮರಗಟ್ಟಿದಂತಿದ್ದರೆ ಒಂದು ಗಂಟೆ ಏನೂ ತಿನ್ನಬೇಡಿ. ಅನ್ನದ ಅಗುಳು ಉಸಿರಿನ ದಾರಿ ಹಿಡಿದೀತು, ಕೆನ್ನೆ ಮತ್ತೆ ಕಚ್ಚಿಕೊಂಡೀತು, ಬಿಸಿ ಕಾಫಿಗೆ ನಾಲಿಗೆ ಸುಟ್ಟದ್ದೂ ಗೊತ್ತಾಗಲಿಕ್ಕಿಲ್ಲ. ದಿನಕ್ಕೆ ನಾಲ್ಕು ಸಲ ಸಾಕು. ಕಾಲು ಗಂಟೆಗೊಮ್ಮೆ ಹಚ್ಚಬೇಕೆನಿಸಿದರೆ ನೋವು ಮೇಲ್ಮೈಯದಲ್ಲ ಎಂದು ತಿಳಿಯಿರಿ.

ಮುಕ್ಕಳಿಸುವುದು: ಉಪ್ಪುನೀರೋ ಮೌತ್‌ವಾಶೋ

ಇವೆಲ್ಲ ಎರಡನೆಯ ದಿನದಿಂದ. ಮೊದಲ ದಿನ ಮುಕ್ಕಳಿಸುವುದೂ ಇಲ್ಲ, ಜೋರಾಗಿ ಉಗುಳುವುದೂ ಇಲ್ಲ.

ಉಪ್ಪುನೀರು ನೋವಿನ ಔಷಧಿಯಲ್ಲ, ಆದರೆ ಗುಳಿಯಲ್ಲಿ ಅನ್ನ ಕೂತು ಕೊಳೆಯದಂತೆ ನೋಡಿಕೊಳ್ಳುತ್ತದೆ, ಒಸಡಿನ ಉರಿಯೂ ತಗ್ಗುತ್ತದೆ. ಒಂದು ಲೋಟ, ಅಂದರೆ 200ರಿಂದ 250 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು. ಮಣಿಕಟ್ಟಿನ ಮೇಲೆ ಸುರಿದರೆ ಬೆಚ್ಚಗಿರಬೇಕು, ಬಿಸಿ ತಾಗಬಾರದು. ಗುಡುಗುಡು ಎಂದು ಗಂಟಲು ಮುಕ್ಕಳಿಸುವ ಅಭ್ಯಾಸ ಇಲ್ಲಿ ಬೇಡ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ತಲೆಯನ್ನು ಆ ಪಕ್ಕಕ್ಕೆ ವಾಲಿಸಿ, ಅರ್ಧ ನಿಮಿಷ ನಿಲ್ಲಿಸಿ, ಬಾಯಿ ತೆರೆದು ಹಾಗೇ ಬಿಟ್ಟುಬಿಡಿ. ಊಟ ತಿಂಡಿಯ ನಂತರ ಮತ್ತು ಮಲಗುವ ಮುಂಚೆ, ದಿನಕ್ಕೆ ನಾಲ್ಕೈದು ಸಲ, ಒಂದು ವಾರ.

ನೋವಿಗೇ ಮುಕ್ಕಳಿಸಬೇಕೆಂದರೆ ಬೆಂಜೈಡಮಿನ್ 0.15% ಇರುವ ಮೌತ್‌ವಾಶ್ ನೋಡಿ. ಉರಿಯೂತವನ್ನೂ ತಗ್ಗಿಸುತ್ತದೆ, ತುಸು ಮರಗಟ್ಟಿಸುತ್ತದೆ ಕೂಡ. ಹಾಗಾಗಿ ಗುಳಿಯ ಸುತ್ತ ಅಗಲಕ್ಕೆ ಒಸಡು ಉರಿಯುವಾಗ ಜೆಲ್‌ಗಿಂತ ಇದು ವಾಸಿ, ಬೆರಳು ತಾಗಿಸುವ ಅಗತ್ಯವೂ ಇಲ್ಲ. 15 ಮಿ.ಲೀ. ಬಾಯಿಯಲ್ಲಿ ಅರ್ಧ ನಿಮಿಷ ಇಟ್ಟು ಹೊರಬಿಡಿ. ಚುರುಕೆಂದರೆ ಸಮಸಮ ನೀರು ಬೆರೆಸಿ. ಎರಡು ಸಲದ ನಡುವೆ ಒಂದೂವರೆಯಿಂದ ಮೂರು ಗಂಟೆ ಅಂತರವಿರಲಿ. 12 ವರ್ಷದೊಳಗಿನವರಿಗೆ ಬೇಡ.

ಕ್ಲೋರ್‌ಹೆಕ್ಸಿಡಿನ್ 0.2% ಬೇರೆಯೇ ಲೆಕ್ಕದ್ದು. ನೋವಿಗೆ ಇದರಿಂದ ನೇರ ಪ್ರಯೋಜನವಿಲ್ಲ, ಮುಂದೆ ಹೇಳುವ ಡ್ರೈ ಸಾಕೆಟ್ (ಹೆಪ್ಪು ಹೋಗಿ ಗುಳಿಯ ಮೂಳೆ ಬೆತ್ತಲಾಗುವುದು) ಆಗುವ ಸಂಭವ ಕಡಿಮೆ ಮಾಡುತ್ತದೆ. ಬುದ್ಧಿಹಲ್ಲು ಕೀಳಿಸಿದವರಿಗೆ, ಸಿಗರೇಟು ಸೇದುವವರಿಗೆ ಡಾಕ್ಟರು ಬರೆದಿದ್ದರೆ ತಪ್ಪಿಸಬೇಡಿ. ಪೇಸ್ಟಿನಲ್ಲಿ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಬೇಕು, ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ಕುಂದಿಸುತ್ತದೆ. ಇದಾದ ಕೂಡಲೇ ಕಾಫಿ ಕುಡಿದರೆ ಹಲ್ಲಿಗೆ ಕಂದು ಕಲೆ. ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ ಹತ್ತಿರಕ್ಕೂ ತರಬೇಡಿ, ಅದರ ಗುಳ್ಳೆಗಳು ಹೆಪ್ಪನ್ನು ಎಬ್ಬಿಸುತ್ತವೆ.

ಲವಂಗದ ಎಣ್ಣೆ

ಲವಂಗದ ಗುಣ ಮೂಢನಂಬಿಕೆಯಲ್ಲ. ಎಣ್ಣೆಯ ಬಹುಪಾಲು ಯೂಜೆನಾಲ್ ಎಂಬ ವಸ್ತು, ಅದು ನರವನ್ನು ನಿಜವಾಗಿ ಮಂಕು ಮಾಡುತ್ತದೆ. ದಂತವೈದ್ಯರ ಮೇಜಿನ ಮೇಲೂ ಅದರ ಬಾಟಲಿ ಇರುತ್ತದೆ, ಕ್ಲಿನಿಕ್ಕಿನ ಬಾಗಿಲಲ್ಲೇ ಬರುವ ಆ ವಾಸನೆಯಲ್ಲಿ ಅದರ ಪಾಲು ದೊಡ್ಡದು. ತಪ್ಪಾಗುವುದು ಹಳೆಯ ಪದ್ಧತಿಯನ್ನು ಹೊಸ ಜಾಗಕ್ಕೆ ತಂದಾಗ. ಎಣ್ಣೆಯಲ್ಲಿ ಅದ್ದಿದ ಹತ್ತಿ ಹುಟ್ಟಿದ್ದು ಹುಳುಕು ಹಲ್ಲಿಗಾಗಿ. ಅಲ್ಲಿ ಹಲ್ಲಿನ ತೂತೇ ಒಂದು ಬಟ್ಟಲು, ಹತ್ತಿ ಅದರಲ್ಲಿ ಕೂರುತ್ತದೆ, ಎಣ್ಣೆ ತಾಗುವುದು ಹಲ್ಲಿನ ಒಳಭಾಗಕ್ಕೆ. ಹಲ್ಲು ಹೋದ ಮೇಲೆ ಆ ಬಟ್ಟಲೇ ಇಲ್ಲ. ಅದೇ ಹತ್ತಿ ಈಗ ಒತ್ತುವುದು ಹಸಿ ಗಾಯದ ಹೆಪ್ಪನ್ನು, ಎಣ್ಣೆ ತಾಗುವುದು ಬರಿ ಮಾಂಸಕ್ಕೆ.

ಆಗ ಆಗುವುದು ಮೂರು. ಹತ್ತಿ ತೆಗೆಯುವಾಗ ಹೆಪ್ಪು ಅದಕ್ಕಂಟಿಕೊಂಡು ಬರುತ್ತದೆ. ಹತ್ತಿಯ ಎಳೆಗಳು ಗುಳಿಯಲ್ಲಿ ಉಳಿದು ಕೀವಾಗಬಹುದು. ಏನೂ ಬೆರೆಸದ ಲವಂಗದ ಎಣ್ಣೆ ತಾಗಿದಲ್ಲಿ ಒಸಡು ಬೆಳ್ಳಗಾಗಿ, ಮಾರನೆಯ ದಿನ ಸಿಪ್ಪೆಯೇಳುತ್ತದೆ. ಇದು ಸುಟ್ಟಗಾಯ, ಹಲ್ಲಿನ ನೋವಿಗಿಂತ ಇದರ ಉರಿಯೇ ಹೆಚ್ಚಾದದ್ದುಂಟು. ಇಡೀ ಲವಂಗ ಕಚ್ಚಿ ಹಿಡಿಯುವುದೂ ಬೇಡ, ಅದರ ಮೊಗ್ಗಿನ ತಲೆ ಪುಡಿಯಾಗಿ ನೇರ ಗುಳಿಗೇ ಬೀಳುತ್ತದೆ.

ಬಳಸಲೇಬೇಕೆನ್ನುವವರು ಮೂರು ದಿನ ಕಳೆಯಲಿ. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಲವಂಗದ ಎಣ್ಣೆ ಬೆರೆಸಿ, ಇಯರ್‌ಬಡ್‌ನಿಂದ ಪಕ್ಕದ ಒಸಡಿನ ಹೊರಮೈಗೆ ಮಾತ್ರ ಸವರಿ. ಇಷ್ಟು ತೆಳುವಾದ ಮೇಲೆ ಪರಿಣಾಮವೂ ತೆಳುವೇ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಬಾಟಲಿಯನ್ನು ಕೈಗೆಟುಕದಂತೆ ಇಡಿ. ಒಂದೆರಡು ಚಮಚ ಹೊಟ್ಟೆಗೆ ಹೋದರೂ ಮಗುವಿನ ಯಕೃತ್ತಿಗೆ ಅಪಾಯ.

ಇನ್ನುಳಿದವು ಚುಟುಕಾಗಿ: ಇಂಗು, ಕರ್ಪೂರ, ಸುಣ್ಣ, ಬೆಳ್ಳುಳ್ಳಿ ಇವೆಲ್ಲ ಹಸಿ ಗಾಯವನ್ನು ಸುಡುವಂಥವು. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಟ್ಟುಕೊಳ್ಳುವುದೂ ಅಷ್ಟೇ, ಅದು ಆಮ್ಲ. ನಶ್ಯ, ಕಡ್ಡಿಪುಡಿ ಒತ್ತಿದರೆ ಒಂದು ಗಳಿಗೆ ಮಂಕು ಹಿಡಿದಂತಾಗುತ್ತದೆ, ಆದರೆ ತಂಬಾಕು ಗಾಯಕ್ಕೆ ರಕ್ತ ಬರುವುದನ್ನೇ ತಡೆಯುತ್ತದೆ.

ಮೂರನೆಯ ದಿನ ನೋವು ಏರಿದರೆ

ಸಾಮಾನ್ಯ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಳಿಯುತ್ತಿದ್ದ ನೋವು ತಟ್ಟನೆ ಏರಿ, ಕಿವಿಗೂ ಕಪಾಳಕ್ಕೂ ಹೊಡೆಯತೊಡಗಿ, ಬಾಯಿ ನಾರಿ, ಮಾತ್ರೆಗೂ ಬಗ್ಗದಿದ್ದರೆ ಅದು ಡ್ರೈ ಸಾಕೆಟ್. ಟಾರ್ಚ್ ಹಿಡಿದು ನೋಡಿದರೆ ಹೆಪ್ಪಿರಬೇಕಾದ ಕಡೆ ಖಾಲಿ ಗುಳಿ, ತಳದಲ್ಲಿ ಬೂದುಬಣ್ಣದ ಮೂಳೆ ಕಾಣಬಹುದು. ಸಾಧಾರಣ ಹಲ್ಲು ಕಿತ್ತವರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಆಗುತ್ತದೆ, ಕೆಳಗಿನ ಬುದ್ಧಿಹಲ್ಲಿನಲ್ಲಿ ಇನ್ನೂ ಹೆಚ್ಚು. ಇಲ್ಲಿ ಐಸ್, ಜೆಲ್, ಮೌತ್‌ವಾಶ್ ಯಾವುದೂ ಸಾಲದು. ಗುಳಿಯ ಮೇಲೆ ತೆಳುವಾಗಿ ಕಾಣುವ ಬಿಳಿ ಹಳದಿ ಪೊರೆಯನ್ನು ಮಾತ್ರ ಡ್ರೈ ಸಾಕೆಟ್ ಎಂದುಕೊಂಡು ಗಾಬರಿಯಾಗಬೇಡಿ. ನೋವು ಏರದಿದ್ದರೆ ಅದು ಗಾಯ ಮಾಯುವ ಪೊರೆ, ಕೆರೆಯಬೇಡಿ.

ಜ್ವರ, ಮೂರು ದಿನದ ನಂತರವೂ ಏರುವ ಊತ, ಬಾಯಿ ತೆರೆಯಲಾಗದಿರುವುದು ಇದ್ದರೆ ಅದು ಡ್ರೈ ಸಾಕೆಟ್ ಅಲ್ಲ, ಸೋಂಕು. ಅವತ್ತೇ ತೋರಿಸಿ. ನಾಲಿಗೆಯ ಕೆಳಗೆ ಉಬ್ಬಿ ನುಂಗಲು, ಉಸಿರಾಡಲು ಕಷ್ಟವಾದರೆ ದಂತವೈದ್ಯರ ಅಪಾಯಿಂಟ್‌ಮೆಂಟಿಗೆ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಡ್ರೈ ಸಾಕೆಟ್‌ಗೆ ಡಾಕ್ಟರು ಗುಳಿಯನ್ನು ಬೆಚ್ಚಗಿನ ಸಲೈನ್‌ನಲ್ಲಿ ತೊಳೆದು ಔಷಧಿ ತುಂಬುತ್ತಾರೆ. ಆ ಔಷಧಿಯಲ್ಲಿ ಸಾಮಾನ್ಯವಾಗಿ ಅದೇ ಯೂಜೆನಾಲ್ ಇರುತ್ತದೆ. ಬೆತ್ತಲಾದ ಮೂಳೆಯ ನರಕ್ಕೆ, ಅಳತೆಯಲ್ಲಿ, ಸರಿಯಾದ ಜಾಗದಲ್ಲಿ ಕೂತಾಗ ಅದು ಕೆಲವೇ ನಿಮಿಷದಲ್ಲಿ ನೋವನ್ನು ಇಳಿಸುತ್ತದೆ. ತುಂಬುವ ಬಗೆ ಎರಡು. ಒಂದು, ಕಂದು ಬಣ್ಣದ ನಾರಿನಂಥ ಸಿದ್ಧ ಮುದ್ದೆ. ಕೆಲವು ದಿನದಲ್ಲಿ ತಾನಾಗಿ ಹೊರಬೀಳುತ್ತದೆ, ತೆಗೆಸಬೇಕಿಲ್ಲ. ಕೆಲವು ಮುದ್ದೆಗಳಲ್ಲಿ ಅಯೋಡಿನ್ ಅಂಶ ಇರುತ್ತದೆ, ಅಯೋಡಿನ್ ಅಲರ್ಜಿ ಇದ್ದರೆ ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳಿ. ಇನ್ನೊಂದು, ಝಿಂಕ್ ಆಕ್ಸೈಡ್ ಮತ್ತು ಯೂಜೆನಾಲ್ ಸವರಿದ ಗಾಜ್ ಪಟ್ಟಿ. ನೋವು ತಡೆಯುವುದರಲ್ಲಿ ಇದೂ ಗಟ್ಟಿ, ಆದರೆ ಇದು ಕರಗುವುದಿಲ್ಲ. ಒಂದೆರಡು ದಿನಕ್ಕೊಮ್ಮೆ ತೆಗೆದು ಬದಲಿಸಬೇಕು, ಮರೆತು ಬಿಟ್ಟರೆ ಗಾಯ ಮಾಯುವುದಕ್ಕೇ ಅಡ್ಡ. ದೂರದ ಊರಿನಿಂದ ಬಂದವರಿಗೆ, ಮತ್ತೆ ಬರುವುದು ಕಷ್ಟವೆನ್ನುವವರಿಗೆ ಮೊದಲನೆಯದೇ ಅನುಕೂಲ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗಾಜ್ ಪಟ್ಟಿಯನ್ನೇ ಇಟ್ಟರೆ ಎಷ್ಟು ಪಟ್ಟಿ ಇಟ್ಟರು, ಯಾವ ದಿನ ತೆಗೆಯಬೇಕು ಎಂಬುದನ್ನು ಔಷಧಿ ಚೀಟಿಯ ಮೇಲೆ ಬರೆಸಿಕೊಂಡೇ ಎದ್ದು ಬನ್ನಿ.